ಅರವತ್ತನಾಲ್ಕಕ್ಕೆ ಮೂರು ಕಮ್ಮಿ

ಅರವತ್ತಕ್ಕೆ ನಮ್ಮಲ್ಲಿ ಭಾರೀ ಮರ್ಯಾದೆ. ಸಂವತ್ಸರಗಳು ಅರವತ್ತು, ದಿನಕ್ಕೆ ಗಳಿಗೆ ಅರವತ್ತು, ಗಂಟೆಗೆ ನಿಮಿಷ ಅರವತ್ತು, ಅರವತ್ತು ತುಂಬಿದವರಿಗೆ ಷಷ್ಟ್ಯಬ್ದಿ. ಎರಡು, ಮೂರು, ನಾಲ್ಕು, ಐದು, ಆರು, ಯಾವುದರಿಂದ ಭಾಗಿಸಿದರೂ ಶೇಷ ಉಳಿಸದ ಸಂಖ್ಯೆ ಅದು. ಅದರ ಪಕ್ಕದಲ್ಲೇ ಕೂತಿರುವ 61ನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ. ಅವಿಭಾಜ್ಯ ಸಂಖ್ಯೆ, ಅವಿಭಾಜ್ಯಗಳ ಸಾಲಿನಲ್ಲಿ ಹದಿನೆಂಟನೆಯದು, 5 ಮತ್ತು 6ರ ವರ್ಗಗಳನ್ನು ಕೂಡಿಸಿದರೆ ಸಿಗುವಂಥದ್ದು. ಇಂಥ ಎರಡು ಮಾತನ್ನು ಯಾವ ಸಣ್ಣ ಸಂಖ್ಯೆಯ ಬಗ್ಗೆಯಾದರೂ ಹೇಳಬಹುದು. ನನಗೆ 61ರ ಹುಚ್ಚು ಹಿಡಿದದ್ದು ಬೇರೆಯೇ ಕಾರಣಕ್ಕೆ, ಒಂದೇ ಒಂದು ಪ್ರಶ್ನೆಯಿಂದ.

ಪ್ರಶ್ನೆ ಹೈಸ್ಕೂಲು ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಸೊನ್ನೆಯಲ್ಲದ ಒಂದು ಪೂರ್ಣಸಂಖ್ಯೆ ತೆಗೆದುಕೊಳ್ಳಿ. ಅದರ ವರ್ಗ ಮಾಡಿ, 61ರಿಂದ ಗುಣಿಸಿ, 1 ಕೂಡಿಸಿ. ಬಂದ ಸಂಖ್ಯೆ ಮತ್ತೊಂದು ಪೂರ್ಣಸಂಖ್ಯೆಯ ವರ್ಗವಾಗಿರಬೇಕು. ಅಂಥ ಸಂಖ್ಯೆ ಯಾವುದು?

ಹಾಕಿ ನೋಡೋಣ. 1 ತೆಗೆದುಕೊಂಡರೆ 62, ವರ್ಗವಲ್ಲ. 2ಕ್ಕೆ 245, 3ಕ್ಕೆ 550, 4ಕ್ಕೆ 977, 5ಕ್ಕೆ 1526. ಯಾವುದೂ ವರ್ಗವಲ್ಲ. ಇದೇ ಪ್ರಶ್ನೆಯನ್ನು 61ರ ಬದಲು 60ಕ್ಕೆ ಕೇಳಿದ್ದರೆ ನಾಲ್ಕನೇ ಹೆಜ್ಜೆಗೇ ಉತ್ತರ ಸಿಗುತ್ತಿತ್ತು: 60 × 16 + 1 = 961, ಅಂದರೆ 31ರ ವರ್ಗ. 62ಕ್ಕೆ ಕೇಳಿದ್ದರೆ 8ಕ್ಕೆ ಮುಗಿಯುತ್ತಿತ್ತು: 62 × 64 + 1 = 3969, 63ರ ವರ್ಗ. 63ಕ್ಕಂತೂ 1 ಹಾಕಿದರೆ ಸಾಕು, 64 ಬರುತ್ತದೆ. ಎಡಕ್ಕೂ ಬಲಕ್ಕೂ ಇರುವ ನೆರೆಹೊರೆಯವರೆಲ್ಲ ಇಷ್ಟು ಸಲೀಸು. 61ಕ್ಕೆ ಮಾತ್ರ ಅತ್ಯಂತ ಚಿಕ್ಕ ಉತ್ತರವೇ 22,61,53,980. ಇಪ್ಪತ್ತೆರಡು ಕೋಟಿ ಅರವತ್ತೊಂದು ಲಕ್ಷ ಚಿಲ್ಲರೆ! ಅದನ್ನು ವರ್ಗ ಮಾಡಿ 61ರಿಂದ ಗುಣಿಸಿ 1 ಕೂಡಿಸಿದರೆ 1,76,63,19,049ರ ವರ್ಗ ಬರುತ್ತದೆ. ಅದಕ್ಕಿಂತ ಮುಂಚೆ ಒಂದೂ ಇಲ್ಲ. ಸೆಕೆಂಡಿಗೊಂದರಂತೆ ಊಟ ನಿದ್ದೆ ಬಿಟ್ಟು ಪರೀಕ್ಷಿಸುತ್ತ ಹೋದರೂ ಏಳು ವರ್ಷ ದಾಟುತ್ತದೆ. ನೂರರೊಳಗಿನ ಯಾವ ಸಂಖ್ಯೆಗೂ ಇಷ್ಟು ದೊಡ್ಡ ಉತ್ತರ ಇಲ್ಲ. ಇದನ್ನು ಮೀರಿಸುವ ಮೊದಲ ಸಂಖ್ಯೆ 109.

ಇದನ್ನು ಮೊದಲ ಸಲ ಓದಿದವರಿಗೆ ತಾವೇ ತಾಳೆ ನೋಡಬೇಕು ಅನ್ನಿಸುವುದು ಸಹಜ. ನಮ್ಮ ಅಣ್ಣನ ಮಗಳು ಪಿಯುಸಿಯಲ್ಲಿದ್ದಾಗ ನಾನು ಇದನ್ನು ಹೇಳಿದ್ದೇ ತಡ, ಲ್ಯಾಪ್‌ಟಾಪ್‌ನಲ್ಲಿ ಸ್ಪ್ರೆಡ್‌ಶೀಟ್ ತೆರೆದು ಎರಡೂ ಸಂಖ್ಯೆ ಹಾಕಿ ವರ್ಗ ಮಾಡಿ ಕಳೆದಳು. "ಚಿಕ್ಕಪ್ಪ, ಒಂದು ಬರ್ತಿಲ್ಲ, ಸೊನ್ನೆ ಬರ್ತಿದೆ ನೋಡಿ" ಅಂದಳು. ಬರುವುದೇ ಹಾಗೆ. ಆ ವರ್ಗಗಳು ಹತ್ತೊಂಬತ್ತು ಅಂಕಿಯವು, ಸ್ಪ್ರೆಡ್‌ಶೀಟ್ ಹಿಡಿದಿಟ್ಟುಕೊಳ್ಳುವುದು ಮೊದಲ ಹದಿನೈದನ್ನು. ನಾವು ಹುಡುಕುತ್ತಿರುವ ಆ ಒಂದು ಕೊನೆಯ ಅಂಕಿಯಲ್ಲಿ ಕೂತಿದೆ, ಯಂತ್ರದ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕೊನೆಗೆ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನ ಮೇಲೆ ಇಬ್ಬರೂ ಕೂತು ಗುಣಾಕಾರ ಮಾಡಿದೆವು. ಒಂದು ಕಡೆ 3119882982860264401. ಇನ್ನೊಂದು ಕಡೆ 3119882982860264400. ಅವಳು ಕೊನೆಯ ಎರಡು ಅಂಕಿಗಳ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೀಟು ಹಾಕಿ ಸುಮ್ಮನೆ ನೋಡುತ್ತ ಕೂತಳು.

ಈ ಪ್ರಶ್ನೆಯನ್ನು 61ಕ್ಕೇ ಕೇಳಿ ಉತ್ತರವನ್ನೂ ಕೊಟ್ಟವನು ಭಾಸ್ಕರಾಚಾರ್ಯ, 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯ ಬೀಜಗಣಿತ ಭಾಗದಲ್ಲಿ. ತಾನು ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114ರಲ್ಲಿ, ಗ್ರಂಥ ಬರೆದದ್ದು ಮೂವತ್ತಾರನೇ ವಯಸ್ಸಿನಲ್ಲಿ, ಊರು ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ಎಂದು ಅವನೇ ಹೇಳಿಕೊಂಡಿದ್ದಾನೆ. ಆ ಊರು ನಮ್ಮ ವಿಜಯಪುರವೇ ಎಂದು ಇಲ್ಲಿ ಬಹಳ ಜನ ನಂಬಿದ್ದಾರೆ. ಅವನ ಮೊಮ್ಮಗ ಚಂಗದೇವನ ಶಾಸನ ಸಿಕ್ಕಿರುವುದು ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿ, ಹಾಗಾಗಿ ಅಲ್ಲಿನವರು ಅವನು ತಮ್ಮವನು ಅನ್ನುತ್ತಾರೆ. ಈ ಜಗಳಕ್ಕೆ ಖರ್ಚಾಗುವ ಉತ್ಸಾಹದ ಅರ್ಧದಷ್ಟನ್ನು ಅವನ ಲೆಕ್ಕ ಮಾಡಿ ನೋಡುವುದಕ್ಕೆ ಇಟ್ಟರೆ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. "ಐನೂರು ವರ್ಷ ಮುಂಚೆಯೇ ನಮ್ಮವರು ಕಂಡುಹಿಡಿದಿದ್ದರು" ಎಂಬ ಮೆಸೇಜು ನಮ್ಮೆಲ್ಲರ ಫೋನಿಗೂ ಬಂದಿರುತ್ತದೆ. ಹೇಗೆ ಕಂಡುಹಿಡಿದರು ಎಂಬುದು ಅದರಲ್ಲಿ ಇರುವುದಿಲ್ಲ. ನಿಜವಾದ ಸೊಗಸು ಇರುವುದು ಆ ಹೇಗೆ ಎಂಬುದರಲ್ಲೇ.

ಶುರುವಾಗುವುದು ಬ್ರಹ್ಮಗುಪ್ತನಿಂದ, 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ. ಈ ಬಗೆಯ ಲೆಕ್ಕಕ್ಕೆ ವರ್ಗಪ್ರಕೃತಿ ಎಂದು ಹೆಸರು. ಗುಣಿಸುವ 61 ಪ್ರಕೃತಿ. ಎರಡು ಮೂಲಗಳಲ್ಲಿ ಚಿಕ್ಕದು ಕನಿಷ್ಠ, ದೊಡ್ಡದು ಜ್ಯೇಷ್ಠ. ಕೂಡಿಸುವ ಸಂಖ್ಯೆ ಕ್ಷೇಪ. ನಮಗೆ ಕ್ಷೇಪ 1 ಬೇಕು. ಅದು ನೇರವಾಗಿ ಸಿಗದಿದ್ದರೆ ಮೊದಲು ಬೇರೆ ಯಾವುದಾದರೂ ಕ್ಷೇಪಕ್ಕೆ ಸಮಾಧಾನ ಮಾಡಿಕೊಳ್ಳೋಣ ಎಂದು ಬ್ರಹ್ಮಗುಪ್ತ ಯೋಚಿಸಿದ. 61ಕ್ಕೆ ಹತ್ತಿರದ ವರ್ಗ 64. ಆದ್ದರಿಂದ ಜ್ಯೇಷ್ಠ 8, ಕನಿಷ್ಠ 1, ಕ್ಷೇಪ 3. ಇಂಥ ಎರಡು ಸಾಲುಗಳಿದ್ದರೆ ಅವನ್ನು ಬೆರೆಸಿ ಮೂರನೆಯದನ್ನು ಹುಟ್ಟಿಸುವ ಕ್ರಮವೇ ಅವನ ಭಾವನಾ. ಜ್ಯೇಷ್ಠಗಳ ಗುಣಲಬ್ಧಕ್ಕೆ ಕನಿಷ್ಠಗಳ ಗುಣಲಬ್ಧದ ಅರವತ್ತೊಂದರಷ್ಟನ್ನು ಕೂಡಿಸಿದರೆ ಹೊಸ ಜ್ಯೇಷ್ಠ. ಒಂದರ ಜ್ಯೇಷ್ಠವನ್ನು ಇನ್ನೊಂದರ ಕನಿಷ್ಠದಿಂದ ಅಡ್ಡಡ್ಡ ಗುಣಿಸಿ ಕೂಡಿಸಿದರೆ ಹೊಸ ಕನಿಷ್ಠ. ಕ್ಷೇಪಗಳು ತಮ್ಮತಮ್ಮಲ್ಲೇ ಗುಣಿಸಿಕೊಳ್ಳುತ್ತವೆ. ಬೀಜಗಣಿತ ಕಲಿತವರು ಬಿಡಿಸಿ ನೋಡಿದರೆ ಎರಡು ಸಾಲಿನಲ್ಲಿ ಇದು ಸರಿ ಎಂದು ಗೊತ್ತಾಗುತ್ತದೆ. ಆದರೆ ಮೊದಲ ಬಾರಿಗೆ ಇದು ಹೊಳೆಯಬೇಕಿತ್ತಲ್ಲ! ಸಾವಿರದ ನಾನೂರು ವರ್ಷದ ಹಿಂದೆ ಹೊಳೆದಿದೆ ಎಂಬುದನ್ನು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಭಾವನೆಯ ಬಲದಿಂದ ಬ್ರಹ್ಮಗುಪ್ತ ಒಂದು ವಿಷಯ ಗೆದ್ದುಕೊಂಡ. ಕ್ಷೇಪ 1, 2 ಅಥವಾ 4 ಆಗಿದ್ದರೆ (ಋಣವಾಗಿದ್ದರೂ ಸರಿ) ಅಲ್ಲಿಂದ ಗುರಿ ತಲುಪುವುದು ಖಚಿತ. 62ನ್ನು ನೋಡಿ: 64ಕ್ಕೂ ಅದಕ್ಕೂ ಅಂತರ 2. ಅದೇ ಸಾಲನ್ನು ಅದರ ಜೊತೆಗೇ ಬೆರೆಸಿದರೆ ಕ್ಷೇಪ 4 ಆಗುತ್ತದೆ, ಎರಡೂ ಮೂಲಗಳನ್ನು 2ರಿಂದ ಭಾಗಿಸಿದರೆ 63, 8, ಕ್ಷೇಪ 1. 60ಕ್ಕೆ ಅಂತರ 4, ಅದೂ ಹೀಗೇ ದಾರಿಗೆ ಬರುತ್ತದೆ. 63ಕ್ಕೆ ಅಂತರ 1, ಮಾಡುವುದಕ್ಕೆ ಏನೂ ಇಲ್ಲ. 61ಕ್ಕೆ ಅಂತರ 3. ಇಲ್ಲೇ ಗಾಡಿ ಕೆಸರಿಗೆ ಸಿಕ್ಕುವುದು. ಬೆರೆಸಿದರೆ 125, 16, ಕ್ಷೇಪ 9 ಬರುತ್ತದೆ. 9ನ್ನು 1 ಮಾಡಬೇಕಾದರೆ 125ನ್ನೂ 16ನ್ನೂ 3ರಿಂದ ಭಾಗಿಸಬೇಕು, ಎರಡೂ ಭಾಗವಾಗುವುದಿಲ್ಲ. ಮತ್ತೆ ಬೆರೆಸಿದರೆ ಕ್ಷೇಪ 27, 81 ಹೀಗೆ ಉಬ್ಬುತ್ತಲೇ ಹೋಗುತ್ತದೆ. ಅರವತ್ತನಾಲ್ಕಕ್ಕೆ ಮೂರು ಕಮ್ಮಿ ಇದ್ದದ್ದೇ 61ರ ಹಣೆಬರಹ.

ಇಲ್ಲಿ ಕೈಹಿಡಿಯುವುದು ಚಕ್ರವಾಲ. ಇದು ಭಾಸ್ಕರನ ಹೆಸರಿನಲ್ಲೇ ಪ್ರಸಿದ್ಧ. ಅವನು ಮಾತ್ರ ತನ್ನದು ಅನ್ನುವುದಿಲ್ಲ, ಇದನ್ನು ಚಕ್ರವಾಲ ಎಂದು ಕರೆಯುತ್ತಾರೆ ಎಂದಷ್ಟೇ ಬರೆಯುತ್ತಾನೆ. ಅವನಿಗಿಂತ ಮೊದಲಿನ ಜಯದೇವ ಎಂಬ ಗಣಿತಜ್ಞನ ಶ್ಲೋಕಗಳು 1073ರಲ್ಲಿ ಉದಯದಿವಾಕರ ಬರೆದ ಸುಂದರೀ ವ್ಯಾಖ್ಯಾನದಲ್ಲಿ ಉಳಿದುಕೊಂಡಿವೆ, ಅದರಲ್ಲಿ ಚಕ್ರವಾಲ ಪೂರ್ತಿಯಾಗಿ ಇದೆ. ಕೃಪಾಶಂಕರ ಶುಕ್ಲ ಅವರು 1954ರಲ್ಲಿ ಇದನ್ನು ಬೆಳಕಿಗೆ ತಂದರು.

ಯುಕ್ತಿ ಇಷ್ಟು. 8, 1, ಕ್ಷೇಪ 3 ಎಂಬ ಸಾಲನ್ನು ಅದರ ಜೊತೆಗೇ ಬೆರೆಸುವ ಬದಲು, ನಮಗೆ ಬೇಕಾದಂತೆ ಆರಿಸಿಕೊಂಡ ಇನ್ನೊಂದು ಸಾಲಿನ ಜೊತೆ ಬೆರೆಸೋಣ. ಆ ಸಾಲಿನ ಕನಿಷ್ಠ 1 ಇರಲಿ, ಜ್ಯೇಷ್ಠ ನಮ್ಮ ಇಷ್ಟ. ಬೆರೆಸಿದ ಮೇಲೆ ಬರುವ ಕನಿಷ್ಠ 3ರಿಂದ ಭಾಗವಾಗುವಂತೆ ಆ ಇಷ್ಟವನ್ನು ಆರಿಸಬೇಕು, ಅಂದರೆ 8ಕ್ಕೆ ಅದನ್ನು ಕೂಡಿಸಿದರೆ 3ರಿಂದ ಭಾಗವಾಗಬೇಕು. 1, 4, 7, 10 ಇವೆಲ್ಲ ಆಗುತ್ತವೆ. ಅವುಗಳಲ್ಲಿ ಯಾವುದರ ವರ್ಗ 61ಕ್ಕೆ ತೀರಾ ಹತ್ತಿರವೋ ಅದನ್ನು ಹಿಡಿಯಬೇಕು. 7ರ ವರ್ಗ 49, ಅಂತರ 12. 10ರದು 100, ಅಂತರ 39. ಹಾಗಾದರೆ 7. ಬೆರೆಸಿದರೆ ಜ್ಯೇಷ್ಠ 8 × 7 + 61 = 117, ಕನಿಷ್ಠ 8 + 7 = 15. ಎರಡನ್ನೂ 3ರಿಂದ ಭಾಗಿಸಿದರೆ 39 ಮತ್ತು 5. ಕ್ಷೇಪ ಋಣ 12ನ್ನು 3ರಿಂದ ಭಾಗಿಸಿದ್ದು, ಅಂದರೆ ಋಣ 4. ತಾಳೆ ನೋಡಿ: 39ರ ವರ್ಗ 1521, 61 × 25 = 1525. ನಾಲ್ಕು ಕಮ್ಮಿ, ಸರಿಯಾಗಿದೆ.

ಒಂದೇ ಹೆಜ್ಜೆ! 3 ಹೋಗಿ 4 ಬಂತು. 4 ಬಂತೆಂದರೆ ಬ್ರಹ್ಮಗುಪ್ತನ ಹೆದ್ದಾರಿ. ಚಕ್ರವಾಲವನ್ನು ಹೀಗೇ ತಿರುಗಿಸುತ್ತ ಹೋದರೂ ಉತ್ತರ ಸಿಗುತ್ತದೆ. 164, 21. ಆಮೇಲೆ 453, 58. ಹಾಗೇ ಮುಂದುವರಿಯಬಹುದು. ಭಾಸ್ಕರ ಅಲ್ಲಿಗೆ ನಿಲ್ಲಿಸಿ ಭಾವನೆಗೆ ಹೊರಳುತ್ತಾನೆ. 39 ಮತ್ತು 5 ಎರಡನ್ನೂ ಅರ್ಧ ಮಾಡುತ್ತಾನೆ: ಹತ್ತೊಂಬತ್ತೂವರೆ ಮತ್ತು ಎರಡೂವರೆ, ಕ್ಷೇಪ ಋಣ 1. ಪೂರ್ಣಸಂಖ್ಯೆಯ ಉತ್ತರ ಹುಡುಕುತ್ತಿರುವವನು ನಡುದಾರಿಯಲ್ಲಿ ಹೀಗೆ ಭಿನ್ನರಾಶಿಯನ್ನು ಹೆದರದೆ ಕೈಗೆ ತೆಗೆದುಕೊಂಡನಲ್ಲ, ಈ ಜಾಗ ನನಗೆ ಇಡೀ ಲೆಕ್ಕದಲ್ಲೇ ಬಹಳ ಇಷ್ಟ. ಆ ಅರ್ಧಗಳನ್ನು ತಮ್ಮ ಜೊತೆಗೇ ಬೆರೆಸಿದರೆ 1523ರ ಅರ್ಧ, 195ರ ಅರ್ಧ, ಕ್ಷೇಪ 1. ಇನ್ನೂ ಭಿನ್ನವೇ. ಇದನ್ನು ಮೊದಲಿನ ಅರ್ಧಗಳ ಜೊತೆ ಮತ್ತೊಮ್ಮೆ ಬೆರೆಸಿದರೆ ಭಿನ್ನ ಕರಗಿ 29718 ಮತ್ತು 3805, ಕ್ಷೇಪ ಋಣ 1. ಈ ಜೋಡಿಯನ್ನು ಅದರ ಜೊತೆಗೇ ಒಂದು ಸಲ ಬೆರೆಸಿದರೆ ಕ್ಷೇಪ ಧನವಾಗುತ್ತದೆ. ಕನಿಷ್ಠ 2 × 29718 × 3805 = 22,61,53,980. ಏಳು ವರ್ಷದ ಹುಡುಕಾಟ ಅರ್ಧ ಹಾಳೆಯಲ್ಲಿ ಮುಗಿಯಿತು.

ಭಾಸ್ಕರ 61ನ್ನು ಯಾಕೆ ಆರಿಸಿಕೊಂಡ ಎಂಬುದಕ್ಕೆ ಅವನ ಶ್ಲೋಕದಲ್ಲೇ ಸುಳಿವು ಇದೆ ಎಂದು ನನ್ನ ನಂಬಿಕೆ. ಆ ಶ್ಲೋಕ ಕೇಳುವುದು ಒಂದು ಸಂಖ್ಯೆಯನ್ನಲ್ಲ, ಎರಡನ್ನು. ಮಿತ್ರಾ, 67ರಿಂದ ಗುಣಿಸಿ ಒಂದು ಕೂಡಿಸಿದರೆ ಮೂಲ ಕೊಡುವ ವರ್ಗ ಯಾವುದು, 61ರಿಂದ ಗುಣಿಸಿದರೆ ಯಾವುದು, ವರ್ಗಪ್ರಕೃತಿ ನಿನ್ನ ಮನಸ್ಸಿನಲ್ಲಿ ಬಳ್ಳಿಯ ಹಾಗೆ ಹಬ್ಬಿದ್ದರೆ ಹೇಳಪ್ಪ, ಎಂದು. 67 ಯಾಕೆ? 64ಕ್ಕೆ ಮೂರು ಜಾಸ್ತಿ! ಒಂದು ಈ ಕಡೆ ಮೂರು, ಇನ್ನೊಂದು ಆ ಕಡೆ ಮೂರು. 8ರಿಂದ ಹೊರಟರೆ ಬರೀ ಭಾವನೆಯಿಂದ ಬಗೆಹರಿಯದ ಎರಡು ಸಂಖ್ಯೆಗಳನ್ನು ಒಂದೇ ಶ್ಲೋಕದಲ್ಲಿ ಕಟ್ಟಿಹಾಕಿದ್ದಾನೆ. 67ಕ್ಕೆ ಚಕ್ರವಾಲ ಮೂರು ಹೆಜ್ಜೆ ಹೋಗಿ 221, 27, ಕ್ಷೇಪ ಋಣ 2ಕ್ಕೆ ಬಂದು ನಿಲ್ಲುತ್ತದೆ, ಅಲ್ಲಿಂದ ಭಾವನೆ. ಉತ್ತರ 48842 ಮತ್ತು 5967. ಒಂದು ಉದಾಹರಣೆ 2ರಲ್ಲಿ ಮುಗಿಯುವಂಥದ್ದು, ಇನ್ನೊಂದು 4ರಲ್ಲಿ. ಪಾಠ ಮಾಡಿ ಪಳಗಿದ ಮೇಷ್ಟ್ರು ಮಾತ್ರ ಹೀಗೆ ಲೆಕ್ಕ ಆರಿಸಬಲ್ಲರು.

ಕಾಲ ಸರಿದು 1657. ಫ್ರಾನ್ಸಿನ ತುಲೂಸ್‌ನಲ್ಲಿ ನ್ಯಾಯಾಲಯದ ಕೆಲಸದಲ್ಲಿದ್ದ ಪಿಯೆರ್ ದ ಫರ್ಮಾ ಇದೇ ಬಗೆಯ ಸಮಸ್ಯೆಯನ್ನು ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಹಾಕಿದ. ಆ ವರ್ಷದ ಫೆಬ್ರವರಿಯಲ್ಲಿ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ, ನಿಮಗೆ ಹೆಚ್ಚು ತೊಂದರೆ ಆಗಬಾರದೆಂದು ಸಣ್ಣ ಸಂಖ್ಯೆಗಳನ್ನೇ ಕೊಡುತ್ತಿದ್ದೇನೆ ಎಂದು ಹೇಳಿ ಎರಡನ್ನು ಕೊಟ್ಟ: 61 ಮತ್ತು 109. ಭಾಸ್ಕರನ ಬೀಜಗಣಿತ 1634-35ರ ಹೊತ್ತಿಗೆ ಷಹಜಹಾನನ ಕಾಲದಲ್ಲಿ ಅತಾ ಉಲ್ಲಾ ರಶೀದಿಯ ಕೈಯಲ್ಲಿ ಪಾರಸಿಗೆ ಹೋಗಿತ್ತು, ನಿಜ. ಯುರೋಪಿನವರು ಅದನ್ನು ಇಂಗ್ಲಿಷಿನಲ್ಲಿ ಓದಿದ್ದು 1813ರಲ್ಲಿ ಸ್ಟ್ರೇಚಿ, 1817ರಲ್ಲಿ ಕೋಲ್‌ಬ್ರೂಕ್ ಅನುವಾದಿಸಿದ ಮೇಲೆ. ಎರಡು ಕಡೆಯೂ 61 ಬಂದದ್ದರಲ್ಲಿ ಕದ್ದದ್ದೂ ಇಲ್ಲ, ಪವಾಡವೂ ಇಲ್ಲ. ಸಣ್ಣ ಸಂಖ್ಯೆಗಳಲ್ಲೇ ಅತಿ ಕಠಿಣವಾದದ್ದನ್ನು ಯಾರು ಹುಡುಕಿಕೊಂಡು ಹೊರಟರೂ ಕೊನೆಗೆ 61ರ ಮನೆ ಬಾಗಿಲಿಗೇ ಬಂದು ನಿಲ್ಲಬೇಕು.

ಫರ್ಮಾನ ಸವಾಲಿಗೆ ಉತ್ತರಿಸುವ ವಿಧಾನ ಕೊಟ್ಟದ್ದು ಇಂಗ್ಲೆಂಡಿನ ಬ್ರೌಂಕರ್, ಅದನ್ನು 1658ರಲ್ಲಿ ಅಚ್ಚು ಹಾಕಿಸಿದ್ದು ವಾಲಿಸ್. ಮುಂದೆ ಆಯ್ಲರ್ ಇದನ್ನು ತಪ್ಪಾಗಿ ಜಾನ್ ಪೆಲ್ ಹೆಸರಿಗೆ ಬರೆದುಬಿಟ್ಟ, ಇವತ್ತಿಗೂ ಪಠ್ಯಪುಸ್ತಕಗಳಲ್ಲಿ ಇದು ಪೆಲ್ ಸಮೀಕರಣ. ಪ್ರಕೃತಿ ವರ್ಗಸಂಖ್ಯೆಯಾಗಿಲ್ಲದಿದ್ದರೆ ಉತ್ತರ ಇದ್ದೇ ಇರುತ್ತದೆ ಎಂದು ಸಾಧಿಸಿ ತೋರಿಸಿದ್ದು ಲಗ್ರಾಂಜ್, 1760ರ ದಶಕದ ಕೊನೆಯಲ್ಲಿ. ಚಕ್ರವಾಲ ಪ್ರತಿ ಸಲವೂ ಗುರಿ ಮುಟ್ಟಿಸುತ್ತದೆ ಎಂಬುದಕ್ಕೆ ಭಾಸ್ಕರನ ಪುಸ್ತಕದಲ್ಲಿ ಸಾಧನೆ ಇಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಉತ್ತರ ಇದ್ದೇ ಇರುತ್ತದೆ ಎಂದು ಸಾಧಿಸಿದ ಗೌರವ ಲಗ್ರಾಂಜ್‌ನದೇ.

ಬೇರೆ ಕಡೆಯೂ ಈ ಸಂಖ್ಯೆ ತನ್ನ ಗತ್ತು ಬಿಡುವುದಿಲ್ಲ. 1ನ್ನು 61ರಿಂದ ಭಾಗಿಸಿ ನೋಡಿ. ದಶಮಾಂಶದ ನಂತರ ಅರವತ್ತು ಅಂಕಿಗಳಾದ ಮೇಲೆಯೇ ಮರುಕಳಿಕೆ: 016393442622950819672131147540 ಮತ್ತು ಅದರ ಹಿಂದೆ 983606557377049180327868852459. ಮೊದಲ ಮೂವತ್ತರ ಕೆಳಗೆ ಎರಡನೇ ಮೂವತ್ತನ್ನು ಬರೆದು ಒಂದೊಂದೇ ಜೋಡಿ ಕೂಡಿಸಿ, ಪ್ರತಿ ಜೋಡಿಗೂ 9 ಬರುತ್ತದೆ. ಅಷ್ಟೇ ಅಲ್ಲ, ಆ ಅರವತ್ತರಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಪ್ರತಿ ಅಂಕಿಯೂ ಸರಿಯಾಗಿ ಆರಾರು ಸಲ ಇದೆ. ಈ ಸಮಪಾಲಿನ ಗುಣ ಇರುವ ಅತಿ ಚಿಕ್ಕ ಅವಿಭಾಜ್ಯ ಸಂಖ್ಯೆ 61. ಇನ್ನೊಂದು: 2ರ 61ನೇ ಘಾತದಲ್ಲಿ 1 ಕಳೆದರೆ ಬರುವ ಹತ್ತೊಂಬತ್ತಂಕಿಯ ಸಂಖ್ಯೆ ಅವಿಭಾಜ್ಯ. ಫರ್ಮಾನ ಪತ್ರಮಿತ್ರ ಮರ್ಸೆನ್ 1644ರಲ್ಲಿ ಇಂಥ ಘಾತಗಳ ಪಟ್ಟಿ ಕೊಟ್ಟಾಗ 61 ಬಿಟ್ಟುಹೋಗಿತ್ತು, ಸೇರಬಾರದ 67 ಸೇರಿತ್ತು. ರಷ್ಯಾದ ಪಾದ್ರಿ ಇವಾನ್ ಪೆರ್ವುಶಿನ್ 1883ರಲ್ಲಿ 61ರ ಹಕ್ಕನ್ನು ಅದಕ್ಕೆ ಕೊಡಿಸಿದ. ಭಾಸ್ಕರನ ಶ್ಲೋಕದ ಜೋಡಿಯೇ ಇಲ್ಲಿಯೂ ಅದಲುಬದಲಾಗಿದೆ. ಇದು ಬರೀ ಕಾಕತಾಳೀಯ, ಆದರೂ ಮೊದಲ ಸಲ ಕಂಡಾಗ ಆದ ಸಂತೋಷ ಇನ್ನೂ ಕಮ್ಮಿಯಾಗಿಲ್ಲ.

ಮತ್ತೆ ಆ ದೈತ್ಯ ಉತ್ತರಕ್ಕೆ. 1,76,63,19,049ನ್ನು 22,61,53,980ರಿಂದ ಭಾಗಿಸಿದರೆ 61ರ ವರ್ಗಮೂಲ ದಶಮಾಂಶದ ನಂತರ ಹದಿನೇಳು ಸ್ಥಾನದವರೆಗೆ ಸರಿಯಾಗಿ ಸಿಗುತ್ತದೆ. ಆದರೆ ಈ ಸಂಖ್ಯೆಗಳ ಗಾತ್ರ ನೋಡಿ ಬೆರಗಾಗುವ ಹಂತ ದಾಟಿದ ಮೇಲೆ ನನಗೆ ಕಾಣುವುದು 39 ಮತ್ತು 5 ಮಾತ್ರ. ಇಂದಿನ ಬೀಜಗಣಿತದ ಭಾಷೆಯಲ್ಲಿ ಹೇಳುವುದಾದರೆ, 39ಕ್ಕೆ √61ರ ಐದರಷ್ಟನ್ನು ಕೂಡಿಸಿ ಅರ್ಧ ಮಾಡಿದರೆ ಸುಮಾರು 39.03 ಆಗುತ್ತದೆ, ಅದರ ಆರನೇ ಘಾತವೇ ನಮ್ಮ ಉತ್ತರ. ಮೂರನೇ ಘಾತದವರೆಗೆ ಹೋಗದೆ ಅರ್ಧ ಕರಗುವುದಿಲ್ಲ, ಅದನ್ನು ಮತ್ತೆ ದ್ವಿಗುಣಿಸದೆ ಋಣ ಹೋಗುವುದಿಲ್ಲ, ಮೂರೆರಡಲ ಆರು. 61ರ ಉತ್ತರ ಅಷ್ಟು ದೂರದಲ್ಲಿರುವುದಕ್ಕೆ ಕಾರಣ ಇದೇ. ಅರ್ಧಗಳನ್ನು ಒಪ್ಪುವ ಲೋಕದಲ್ಲಿ ಉತ್ತರ ಮೊದಲ ಹೆಜ್ಜೆಯಲ್ಲೇ ಇದೆ. ಪೂರ್ಣಸಂಖ್ಯೆಯೇ ಬೇಕು, ಧನವೇ ಬೇಕು ಎಂದು ನಾವು ಹಟ ಹಿಡಿದಿದ್ದರಿಂದ ಆರು ಸುತ್ತು ಸುತ್ತಬೇಕಾಯಿತು. ಭಾಸ್ಕರ ಮಾಡಿದ ಅರ್ಧಗಳ ಲೆಕ್ಕವನ್ನು ಮತ್ತೊಮ್ಮೆ ಓದಿ, ಅವನು ಮಾಡಿದ್ದೂ ಇದನ್ನೇ.

ಫರ್ಮಾ ಕೊಟ್ಟ ಎರಡನೇ ಸಂಖ್ಯೆ 109ರ ಕಥೆಯೂ ಇದೇ ಅಚ್ಚಿನದು. ಅದರ ಜ್ಯೇಷ್ಠ 15,80,70,67,19,86,249, ಹದಿನೈದು ಅಂಕಿ. ಆಸಕ್ತಿ ಇದ್ದವರು ಒಂದು ಭಾನುವಾರ ಮಧ್ಯಾಹ್ನ ಕೂತು ಮಾಡಬಹುದು. 10, 1, ಕ್ಷೇಪ ಋಣ 9ರಿಂದ ಹೊರಡಿ. ಮೊದಲ ಇಷ್ಟ 8, ಆಮೇಲೆ 12, ಆಮೇಲೆ 9. ಮೂರನೇ ಸುತ್ತಿಗೆ 261, 25, ಕ್ಷೇಪ ಋಣ 4 ಬರಬೇಕು. ಬಂದರೆ ಅಲ್ಲಿಂದ ಮುಂದೆ ಎರಡನ್ನೂ ಅರ್ಧ ಮಾಡಿಕೊಳ್ಳಿ.